ಆರು ಕೋಣೆ, ಹನ್ನೊಂದು ಕತ್ತೆ

ರೇವಣಪ್ಪ ಆ ಬೆಳಿಗ್ಗೆ ಸುಳ್ಳು ಹೇಳಬೇಕೆಂದು ಮನೆ ಬಿಟ್ಟವನಲ್ಲ. ಕಾಫಿ ಕುಡಿಯಲು ಹೊರಟವನು, ಅಷ್ಟೆ.

ಸಂಭಾಜಿನಗರದ ಉಸ್ಮಾನಪುರ ಬಡಾವಣೆಯ ಸದಾನಂದನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದ ಮೇಜು ರೇವಣಪ್ಪನದೇ ಎಂಬಂತಾಗಿ ಒಂಬತ್ತು ವರ್ಷ ಕಳೆದಿತ್ತು. ಬೀದರ ಜಿಲ್ಲೆಯ ಭಾಲ್ಕಿ ಕಡೆಯಿಂದ ಬಂದ ಅವನು ಒಂದು ಬಣ್ಣದ ಕಂಪನಿಯ ಮಾರಾಟಗಾರನಾಗಿ ಮೂವತ್ತೊಂದು ವರ್ಷ ಸಂಭಾಜಿನಗರದಿಂದ ಜಾಲ್ನಾದವರೆಗೆ ಅಂಗಡಿ ಅಂಗಡಿ ತಿರುಗಿದ್ದ. ನಿವೃತ್ತನಾದ ಮೇಲೂ ಗೋಡೆ ಕಂಡರೆ ಕೈಯಾಡಿಸಿ ನೋಡುವ ಚಟ ಬಿಟ್ಟಿರಲಿಲ್ಲ. ಮಾತಾಡಿ ಹೊಟ್ಟೆ ಹೊರೆದವನಾದ್ದರಿಂದ ಎಲ್ಲಿ ಮಾತು ನಿಲ್ಲಿಸಬೇಕು ಎನ್ನುವುದು ಅವನಿಗೆ ಯಾವತ್ತೂ ಸರಿಯಾಗಿ ತಿಳಿದಿರಲಿಲ್ಲ.

ಕುಂದಾಪುರದ ಕಡೆಯ ಸದಾನಂದ ಆಗ ತನ್ನ ಜೀವಮಾನದ ಆಸೆಯೊಂದರ ಹಿಂದೆ ಬಿದ್ದಿದ್ದ. ವೇರೂಳದ ಗುಹೆಗಳ ದಾರಿಯಲ್ಲಿ, ಖುಲ್ತಾಬಾದ್ ದಾಟಿದ ಮೇಲೆ ಒಂದಿಷ್ಟು ಜಾಗದಲ್ಲಿ ಆರು ಮಣ್ಣಿನ ಕೋಣೆ ಕಟ್ಟಿಸುತ್ತಿದ್ದ. ಗುಹೆ ನೋಡಲು ಬರುವವರು ಅಲ್ಲಿ ತಂಗಬೇಕು, ಮಣ್ಣಿನ ಗೋಡೆಯ ತಂಪಿನಲ್ಲಿ ಮಲಗಬೇಕು, ಬೆಳಿಗ್ಗೆ ಅವನದೇ ಇಡ್ಲಿ ತಿನ್ನಬೇಕು. ಆದರೆ ಗೋಡೆಗಳು ಅವನ ಮಾತು ಕೇಳುತ್ತಿರಲಿಲ್ಲ.

"ನೋಡಿ ಮಾರಾಯ್ರೆ," ಎಂದು ಸದಾನಂದ ಫೋನನ್ನು ಕಾಫಿ ಲೋಟದ ಪಕ್ಕಕ್ಕೆ ಸರಿಸಿದ. "ಗಿಲಾವು ಮಾಡಿ ಹದಿನೈದು ದಿನ ಆಗ್ಲಿಲ್ಲ. ನಾಸಿಕದ ಆರ್ಕಿಟೆಕ್ಟ್ ಮೇಡಂ ಚಂದ ನಕ್ಷೆ ಕೊಟ್ಟಿದ್ದಾರೆ. ಆದ್ರೆ ನಮ್ಮ ಗಾರೆಯವರಿಗೆ ಸಿಮೆಂಟ್ ಬಿಟ್ರೆ ಎಂತದೂ ಗೊತ್ತಿಲ್ಲ."

ಚಿತ್ರದಲ್ಲಿ ಗೋಡೆ ಬಿರುಬೇಸಿಗೆಯ ಕೆರೆಯ ತಳದಂತಿತ್ತು. ಎರಡು ಕಡೆ ಗಿಲಾವು ಹಪ್ಪಳದ ಹಾಗೆ ಎದ್ದು ನೆಲಕ್ಕೆ ಬಿದ್ದಿತ್ತು.

"ಸಗಣಿ ಕಡಿಮಿ ಬಿದ್ದದ," ಎಂದ ರೇವಣಪ್ಪ. ಸುಮ್ಮನೆ ಬಾಯಿಗೆ ಬಂದ ಮಾತು ಅದು.

"ನಿಮಗೆ ಇದೆಲ್ಲ ಗೊತ್ತುಂಟಾ?"

ರೇವಣಪ್ಪ ಇಲ್ಲಿ ನಿಲ್ಲಿಸಬಹುದಿತ್ತು. "ಗೊತ್ತ ಅಂದ್ರ? ಭಾಲ್ಕ್ಯಾಗ ನಮ್ಮ ಮನಿ ಗ್ವಾಡಿ ನೋಡ್ಬೇಕ್ರಿ ನೀವು. ನಲವತ್ತ ವರ್ಷ ಆತು, ಒಂದ್ ಕೂದಲೆಳಿ ಬಿರುಕಿಲ್ಲ. ಎಲ್ಲಾ ಈ ಕೈಲೇ ಮಾಡೀನಿ."

ಸದಾನಂದ ಆ ಕೈಯನ್ನು ನೋಡಿದ. ಎರಡು ಉಂಗುರ, ಒಪ್ಪವಾಗಿ ಕತ್ತರಿಸಿದ ಉಗುರು. ಆದರೆ ಮುಳುಗುತ್ತಿದ್ದವನಿಗೆ ಅದೆಲ್ಲ ಕಾಣಿಸಲಿಲ್ಲ. ಮರುದಿನ ಎಂಟಕ್ಕೆ ಅವನ ಕಾರು ಗಾರಖೇಡಾದಲ್ಲಿ ರೇವಣಪ್ಪನ ಮನೆಯ ಕೆಳಗೆ ಬಂದು ಹಾರ್ನ್ ಹೊಡೆಯಿತು.

ವಿಷಯ ತಿಳಿದಾಗ ಅವನ ಹೆಂಡತಿ ಮಲ್ಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಗಂಡ ಹೇಳಿದ್ದನ್ನು ಪೂರ್ತಿ ಕೇಳಿದಳು. ಆಮೇಲೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನಗಲು ಅನುಕೂಲವಾಗಲೆಂದು ಗೋಡೆಗೆ ಒರಗಿ ನಿಂತಳು.

"ನಿಮ್ಮ ಕೈಲೇ? ನಮ್ಮತ್ತಿ ಸಾರಸ್ಲತ್ತಿದ್ರ ನೀವು ಮೂಗಿಗಿ ಟವೆಲ್ ಕಟ್ಕೊಂಡು ಪಡಸಾಲಿಯಿಂದ ಓಡ್ತಿದ್ರಿ. ಗ್ವಾಡಿ ಮಾಡ್ದಾಕಿ ನಾನು, ನಿಮ್ಮವ್ವ, ನಿಮ್ಮಕ್ಕ."

"ಅದಕ್ಕ ಕೇಳ್ಲತ್ತೀನಿ. ಮಣ್ಣಿಗಿ ಸಗಣಿ ಎಷ್ಟ? ಜಲ್ದಿ ಹೇಳು, ಕಾರ್ ನಿಂತದ."

"ಮೂವತ್ತ ವರ್ಷ ಗ್ವಾಡಿಗಿ ಬಣ್ಣ ಮಾರೀರಲ್ಲ, ಗ್ವಾಡಿಗೇ ಕೇಳ್ರಿ," ಎಂದಳು ಮಲ್ಲಮ್ಮ. ಆದರೂ ಪಾತ್ರೆ ತೊಳೆಯುವ ಹಳದಿ ರಬ್ಬರು ಕೈಗವಸುಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಗಿಟ್ಟಳು.

ಕೆಲಸದ ಜಾಗದಲ್ಲಿ ನಾಲ್ಕು ಜನ ಗಾರೆಯವರು, ಮೂವರು ಹೆಂಗಸರು ಸಾಲಾಗಿ ನಿಂತಿದ್ದರು. ಸದಾನಂದ "ಇವರು ಮಣ್ಣಿನ ಮಾಸ್ಟರ್" ಎಂದು ಮರಾಠಿಯಲ್ಲಿ ಪರಿಚಯಿಸಿದ. ರೇವಣಪ್ಪ ಮೊದಲ ಕೋಣೆಯ ಗೋಡೆಯ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದ. ಕಿವಿಯಿಟ್ಟು ಕೇಳಿದ. "ಹ್ಞೂಂ" ಎಂದ. ಎರಡನೆಯ ಕೋಣೆಯಲ್ಲೂ ಹಾಗೇ ಮಾಡಿ, ಅಲ್ಲಿ "ಹ್ಞೂಂ ಹ್ಞೂಂ" ಎಂದ. ಗಾರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸದಾನಂದನ ಎದೆಯ ಭಾರ ಇಳಿದದ್ದು ಕಣ್ಣಿಗೇ ಕಂಡಿತು. ಹೋಟೆಲಿನಲ್ಲಿ ಕೆಲಸವಿದೆಯೆಂದು ಅವನು ಹೊರಟುಹೋದ.

ಕಾರಿನ ಧೂಳು ಇಳಿಯುವ ಮೊದಲೇ ಮೂವರು ಹೆಂಗಸರಲ್ಲಿ ಹಿರಿಯಳು ಬುಟ್ಟಿ ಹೊತ್ತು ಅವನ ಪಕ್ಕಕ್ಕೆ ಬಂದಳು. ಕಮಲಾಬಾಯಿ ಎಂದು ಹೆಸರು. ಉದಗೀರದ ಕಡೆಯವಳು, ಅವಳ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ಮರಾಠಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಿತ್ತು.

"ಸಾಹೇಬ, ಯಾವ ಮಣ್ಣ ಹಾಕ್ಲಿ?" ಎಂದು ಕೇಳಿದಳು.

"ಛಲೋ ಮಣ್ಣ ಹಾಕು."

"ಛಲೋ ಅಂದ್ರ ಕರೀದೋ, ಬಿಳೀದೋ?"

ರೇವಣಪ್ಪ ಆಕಾಶ ನೋಡಿದ. "ಕರೀದು," ಎಂದ.

ಕಮಲಾಬಾಯಿ ಬುಟ್ಟಿ ಕೆಳಗಿಟ್ಟಳು. "ನಿಮಗ ಕಾಯ್ ಭೀ ಗೊತ್ತಿಲ್ಲ," ಎಂದಳು, ಬೈಗುಳದಂತಲ್ಲ, ಹವಾಮಾನ ಹೇಳುವಂತೆ. "ಕರೀ ಮಣ್ಣ ಹಸೀ ಇದ್ದಾಗ ಉಬ್ಬತದ, ಒಣಗಿದ್ರ ಮುದುಡತದ. ಅದಕ್ಕ ಈ ಗ್ವಾಡಿ ಸತ್ತದ. ಹಳೀ ಗಢಿ, ವಾಡೇದ ಗ್ವಾಡಿ ಬಿದ್ದ ಜಾಗದಾಗ ಪಾಂಢರಿ ಸಿಗತದ, ಬಿಳೀ ಮಣ್ಣ. ಅದು ತರ್ಬೇಕು. ಎರಡ ತಿಂಗಳಿಂದ ಹೇಳ್ಲತ್ತೀನಿ. ಯಾರ್ ಕೇಳ್ತಾರ ನನ್ ಮಾತು?"

ರೇವಣಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಬಾಯಿ, ನನ್ ಮಾತ ಎಲ್ಲಾರೂ ಕೇಳ್ತಾರ. ಆದ್ರ ನನ್ ಹತ್ರ ಮಾತಿಲ್ಲ. ನಿನ್ ಹತ್ರ ಅದ."

ಕಮಲಾಬಾಯಿ ಅವನನ್ನು ಮೇಲಿನಿಂದ ಕೆಳಗೆ ಅಳೆದಳು. ಅವಳ ಬಾಯಂಚಿನಲ್ಲಿ ಒಂದು ಸಣ್ಣ ನಗು ಮೂಡಿತು. ಗಾರೆಯವರ ಮುಖ್ಯಸ್ಥ ಎರಡು ತಿಂಗಳಿಂದ ಅವಳಿಗೆ "ನೀನು ನೀರು ಹೊರು" ಎಂದಷ್ಟೇ ಹೇಳುತ್ತಾ ಬಂದಿದ್ದ. ಅಂಥವನನ್ನು ತನ್ನ ಮಾತಿನಂತೆ ಓಡಾಡಿಸುವ ಆಸೆ ಯಾರಿಗಿರುವುದಿಲ್ಲ?

ಒಪ್ಪಂದ ಅಲ್ಲೇ ಆಯಿತು. ಬೆಳಗಿನ ಚಹಾದ ಹೊತ್ತಿನಲ್ಲಿ ಅವಳು ಆ ದಿನದ ಕೆಲಸ ಹೇಳಿಕೊಡಬೇಕು. ನಡುವೆ ಏನಾದರೂ ತಿದ್ದಬೇಕಾದರೆ ಕೆಮ್ಮಬೇಕು. ಒಂದು ಕೆಮ್ಮಿಗೆ ನೀರು, ಎರಡಕ್ಕೆ ಮಣ್ಣು, ಮೂರಕ್ಕೆ ಸಗಣಿ. ಗಂಟಲು ಕೆರೆದರೆ, ಮಾಸ್ಟರು ಬಾಯಿ ಮುಚ್ಚಿಕೊಳ್ಳಬೇಕು.

ಹತ್ತು ದಿನ ಎಲ್ಲ ಸೊಗಸಾಗಿ ನಡೆಯಿತು. ಬಿಳಿ ಮಣ್ಣು ಬಂತು. ಜರಡಿ ಹಿಡಿದರು. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಅಲುಗಿಸಿ ಇಟ್ಟು, ಮರಳೆಷ್ಟು ಜಿಗುಟೆಷ್ಟು ಎಂದು ನೋಡಿದರು. ಹಳೆಯ ಗಿಲಾವನ್ನು ಕೆತ್ತಿ ತೆಗೆದರು. ರೇವಣಪ್ಪ ಹಳದಿ ಕೈಗವಸು ಹಾಕಿಕೊಂಡು ಗುಂಡಿಯ ಅಂಚಿನಲ್ಲಿ ನಿಂತು ಬೆರಳು ತೋರಿಸುತ್ತಿದ್ದ. ಗಾರೆಯವರಿಗೆ ಆ ಕೈಗವಸೂ ವಿದ್ಯೆಯ ಭಾಗವಾಗಿ ಕಂಡು, ಒಬ್ಬ ತಾನೂ ಒಂದು ಜೊತೆ ತಂದುಕೊಂಡ.

ಹನ್ನೊಂದನೆಯ ದಿನ ಸದಾನಂದ ನೋಡಲು ಬಂದ. ಅದೇ ಹೊತ್ತಿಗೆ ಗೋಧಿ ಹೊಟ್ಟಿನ ಚೀಲ ಬಿಚ್ಚುತ್ತಿದ್ದ ಕಮಲಾಬಾಯಿಯ ಗಂಟಲಿಗೆ ಧೂಳು ಹೊಕ್ಕಿತು. ಅವಳು ಕೆಮ್ಮಿದಳು.

"ನೀರು!" ಎಂದ ರೇವಣಪ್ಪ.

ಅವಳು ಮತ್ತೆ ಎರಡು ಸಲ ಕೆಮ್ಮಿದಳು.

"ಮಣ್ಣು!"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೈ ಆಡಿಸಿ ಬೇಡ ಬೇಡ ಎಂದಳು. ಅವನಿಗೆ ಅದು ಹೆಚ್ಚು ಹೆಚ್ಚು ಎಂದು ಕಂಡಿತು. ಕೆಮ್ಮು ನಿಲ್ಲಲಿಲ್ಲ. ರೇವಣಪ್ಪ ಬೆರಳಲ್ಲಿ ಎಣಿಸುತ್ತಾ "ಸಗಣಿ! ನೀರು! ಸಗಣಿ! ಮತ್ತ ನೀರು!" ಎಂದು ಕೂಗಿದ. ಗಾರೆಯವರು ಬಕೆಟ್ಟು ಹಿಡಿದು ಓಡಿದರು. ಕೆಮ್ಮು ನಿಂತಾಗ ಗುಂಡಿಯಲ್ಲಿ ಕಂದು ಬಣ್ಣದ ಸಾರು ತುಳುಕುತ್ತಿತ್ತು, ಅದರ ಮೇಲೆ ಒಬ್ಬ ಗಾರೆಯವನ ಚಪ್ಪಲಿ ತೇಲುತ್ತಿತ್ತು.

"ಇದು... ಹೀಗೇ ಇರ್ಬೇಕಾ?" ಎಂದು ಸದಾನಂದ ಮೆಲ್ಲಗೆ ಕೇಳಿದ.

"ಒಂಬತ್ತ ದಿನ ಕೊಳೀಬೇಕ್ರಿ," ಎಂದ ರೇವಣಪ್ಪ, ಕಣ್ಣು ಮಿಟುಕಿಸದೆ. "ಅವಸರ ಮಾಡ್ದವರ ಗ್ವಾಡಿ ನೀವು ನೋಡೀರಲ್ಲ."

ಸದಾನಂದ ಹೋದ ಮೇಲೆ ಕಮಲಾಬಾಯಿ ನೀರು ಕುಡಿದು, ಕಣ್ಣೊರೆಸಿಕೊಂಡು, "ಕೊಳಿಸೋದು ಖರೇನೇ ಬೇಕು," ಎಂದು ಒಪ್ಪಿದಳು. "ನೀವಾಗೇ ಸರಿ ಹೇಳಿದ್ದು ಇದೊಂದೇ. ಅದೂ ಸುಳ್ಳ ಹೇಳ್ಲಕ್ಕ ಹೋಗಿ."

ಒಂಬತ್ತು ದಿನ ಕೊಳೆತ ಮಣ್ಣು ಬೆಣ್ಣೆಯ ಹಾಗಾಯಿತು. ಗೋಡೆಯ ಮೇಲೆ ಒಂದು ಮೊಳದ ತುಣುಕು ಹಚ್ಚಿ ನೋಡಿದರು. ದೊಡ್ಡ ಬಿರುಕಿರಲಿಲ್ಲ. ಆದರೆ ಮೂರನೆಯ ದಿನ ಸಣ್ಣ ಸಣ್ಣ ಗೆರೆಗಳು ಮುದುಕಿಯ ಕೆನ್ನೆಯ ಹಾಗೆ ಮೂಡಿದವು.

ಕಮಲಾಬಾಯಿ ಸಗಣಿಯ ಚೀಲದಿಂದ ಒಂದು ಮುಷ್ಟಿ ತೆಗೆದು ಹಿಸುಕಿದಳು. ಅದು ಬೆರಳ ಸಂದಿಯಿಂದ ಪಾಯಸದ ಹಾಗೆ ಇಳಿಯಿತು. ಸದಾನಂದನ ಕಟ್ಟುನಿಟ್ಟಿನ ಆಜ್ಞೆಯಂತೆ ನಗರದ ಒಂದು ಗೋಶಾಲೆಯಿಂದ ದಿನವೂ ಬರುತ್ತಿದ್ದ ಸಗಣಿ ಅದು. ಅಪ್ಪಟ ದೇಸಿ ಹಸುಗಳು. ಭಕ್ತರು ತಂದು ತಿನ್ನಿಸುವ ಚಪಾತಿ, ಬೆಲ್ಲ, ಹಸಿರು ಸೊಪ್ಪು ತಿಂದು ಹಾಯಾಗಿದ್ದವು.

"ಇದ್ರಾಗ ನಾರೇ ಇಲ್ಲ," ಎಂದಳು. "ಚಪಾತಿ ತಿಂದ ಹಸು ಏನ್ ಕೊಡತದ? ನಾರು ಬೇಕಂದ್ರ ಗಾಢವ. ಕತ್ತಿ."

"ಕತ್ತೀದಾ?"

"ಹಸು ತಿಂದಿದ್ದೇ ತಿರಗಿ ಮೆಲುಕಾಡಿ ಹಿಟ್ಟ ಮಾಡತದ. ಕತ್ತಿಗಿ ಅಷ್ಟ ಪುರಸೊತ್ತ ಎಲ್ಲದ? ಸಿಕ್ಕಿದ್ ಹುಲ್ಲ ಜಗದು ನುಂಗತದ, ಎಳಿಎಳಿಯಾಗಿ ಹೊರಗ ಬರತದ. ನನ್ ತಮ್ಮ ಹರಿದಾಸ ಗಂಗಾಪುರ ರಸ್ತೇದಾಗ ಇಟ್ಟಿಗಿ ಭಟ್ಟೀಗಿ ಕತ್ತಿ ಹೊಡೀತಾನ. ಹನ್ನೊಂದ ಅವ."

ರೇವಣಪ್ಪ ಕೋಣೆಗಳ ಮುಂದೆ ನೆಟ್ಟಿದ್ದ ಬೋರ್ಡಿನ ಕಡೆ ನೋಡಿದ. ಸದಾನಂದ ಅದನ್ನು ಮೊದಲೇ ಬರೆಸಿ ಹಾಕಿಸಿದ್ದ: ಪವಿತ್ರ ದೇಸಿ ಗೋವಿನ ಗೋಡೆ. ಮರಾಠಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ, ಪಕ್ಕದಲ್ಲಿ ನಗುವ ಕರುವಿನ ಚಿತ್ರ.

ಸಂಜೆ ಮನೆಗೆ ಹೋಗಿ ಮಲ್ಲಮ್ಮನ ಮುಂದೆ ಎಲ್ಲ ಹೇಳಿದ. ಬೈಯುತ್ತಾಳೆ, ಆಗ ಕೈಬಿಡಲು ಒಂದು ನೆಪ ಸಿಗುತ್ತದೆ ಎಂದುಕೊಂಡಿದ್ದ. ಮಲ್ಲಮ್ಮನ ಕಣ್ಣು ಮಾತ್ರ ಹದಿನಾರರ ಹುಡುಗಿಯ ಕಣ್ಣಿನ ಹಾಗೆ ಹೊಳೆಯಿತು.

"ನಾಳಿ ನಾನೂ ಬರ್ತೀನಿ," ಎಂದಳು. "ಚೀಲ ಹೊಲೀಲಕ್ಕ ಯಾರಾದ್ರೂ ಬೇಕಲ್ಲ."

ಭಾನುವಾರ ಬೆಳಿಗ್ಗೆ ಹರಿದಾಸನ ಭಟ್ಟಿಯಿಂದ ಹದಿನಾಲ್ಕು ಚೀಲ ಲದ್ದಿ ಒಂದು ಸಣ್ಣ ಟೆಂಪೊ ಏರಿತು. ಅದರ ಮೇಲೆ ಗೋಶಾಲೆಯ ನಾಲ್ಕು ಚೀಲ ಮುಚ್ಚಳದ ಹಾಗೆ. ಮುಂದಿನ ಸೀಟಿನಲ್ಲಿ ಚಾಲಕನ ಪಕ್ಕ ಮಲ್ಲಮ್ಮ, ಕಮಲಾಬಾಯಿ. ರೇವಣಪ್ಪನಿಗೆ ಜಾಗ ಉಳಿದದ್ದು ಹಿಂದೆ, ಚೀಲಗಳ ಮೇಲೆ. ಅವನು ಚೀಲದ ಮೇಲೆ ಮೊದಲು ಪೇಪರು ಹಾಸಿದ, ಪೇಪರಿನ ಮೇಲೆ ಟವೆಲು ಹಾಸಿದ, ಆಮೇಲೆ ದೇವರನ್ನು ನೆನೆದು ಕುಳಿತ.

ದೌಲತಾಬಾದಿನಲ್ಲಿ ರಸ್ತೆ ಹಾಯುವ ಹಳೆಯ ಕೋಟೆ ಬಾಗಿಲಲ್ಲಿ ಭಾನುವಾರದ ಜನಜಂಗುಳಿ. ಒಂದು ಬಸ್ಸು ಒಳಗೆ ಸಿಕ್ಕಿಕೊಂಡಿತ್ತು. ಎರಡೂ ಕಡೆ ಗಾಡಿಗಳು ನಿಂತುಬಿಟ್ಟವು. ಹಣ್ಣು ಮಾರುವವಳು ಟೆಂಪೊದ ಹತ್ತಿರ ಬಂದು ಮೂಗು ಸುಕ್ಕಿಸಿ ಮುಂದೆ ಹೋದಳು. ಆಗ ಹಿಂದಿನಿಂದ ಪರಿಚಿತ ಹಾರ್ನ್ ಕೇಳಿಸಿತು. ರೇವಣಪ್ಪ ತಿರುಗಿ ನೋಡಿದರೆ ಸದಾನಂದನ ಬಿಳಿ ಕಾರು, ಮೂರು ಮಾರು ದೂರದಲ್ಲಿ. ಸದಾನಂದ ಆಗಲೇ ಬಾಗಿಲು ತೆಗೆದು ಇಳಿದು ಬರುತ್ತಿದ್ದ.

"ಓ ರೇವಣಪ್ಪನವ್ರೆ! ನೀವೇ ಬಂದು ತಗೊಂಡು ಹೋಗ್ತಾ ಇದ್ದೀರಾ? ಭಾನುವಾರ ಕೂಡ!"

"ಕೆಲಸ ಅಂದ ಮ್ಯಾಲ ವಾರ ನೋಡ್ಬಾರದ್ರಿ."

ಸದಾನಂದ ಟೆಂಪೊದ ಹತ್ತಿರ ನಿಂತು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದ. ಮುಂದೆ ಕೂತಿದ್ದ ಮಲ್ಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಎಂತ ಹೇಳುದು! ಸಣ್ಣವನಿದ್ದಾಗ ನಮ್ಮ ದನದ ಹಟ್ಟಿಯಲ್ಲಿ ಇದೇ ಪರಿಮಳ," ಎಂದ ಸದಾನಂದ. ಹದಿನೆಂಟು ಚೀಲಕ್ಕೂ ಸೇರಿ ಒಂದು ನಮಸ್ಕಾರ ಹಾಕಿದ. ಬಲಗೈಯಿಂದ ಒಂದು ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನು ಮುಟ್ಟಿದ್ದು ಕೆಳಗಿನ ಸಾಲಿನ ಚೀಲವನ್ನು. ರೇವಣಪ್ಪ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಪಾಪಪ್ರಜ್ಞೆ ಒಂದು ಕಡೆ, ನಗು ಒಂದು ಕಡೆ; ಎರಡೂ ಒಟ್ಟಿಗೆ ಒತ್ತಿ ಬಂದರೆ ಮನುಷ್ಯನ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವನ ಮುಖ.

ಲದ್ದಿ ಬಿದ್ದ ಮಣ್ಣು ಬೇರೆಯೇ ಆಯಿತು. ಮಲ್ಲಮ್ಮ, ಕಮಲಾಬಾಯಿ ಇಬ್ಬರೂ ಒಣ ಉಂಡೆಗಳನ್ನು ಅಂಗೈಯಲ್ಲಿ ತಿಕ್ಕಿ, ಎಳೆ ಬಿಡಿಸಿ ಗುಂಡಿಗೆ ಉದುರಿಸಿದರು. ಇಬ್ಬರೂ ಮಾತಿಗಿಳಿದರೆ ರೇವಣಪ್ಪ ಹತ್ತಿರ ಹೋಗುವಂತಿರಲಿಲ್ಲ, ಯಾಕೆಂದರೆ ಮಾತು ಅವನ ಕುರಿತೇ ಇರುತ್ತಿತ್ತು. ಹಚ್ಚಿದ ಗಿಲಾವು ಗೋಡೆಗೆ ಕಚ್ಚಿಕೊಂಡಿತು. ಒಣಗಿದ ಮೇಲೆ ಕಮಲಾಬಾಯಿ ಹೊಳೆಯ ನುಣುಪು ಕಲ್ಲಿನಿಂದ ತಿಕ್ಕಿದಳು. ಇಳಿಬಿಸಿಲು ಬಿದ್ದಾಗ ಗೋಡೆಯೊಳಗಿನ ನಾರು ಜರಿಯ ಹಾಗೆ ಮಿನುಗುತ್ತಿತ್ತು. ಒಂದು ಗೆರೆಯೂ ಇರಲಿಲ್ಲ.

ನಾಲ್ಕು ಕೋಣೆ ಮುಗಿದ ವಾರದ ಶನಿವಾರ ನಾಸಿಕದಿಂದ ಆರ್ಕಿಟೆಕ್ಟ್ ಮೈತ್ರೇಯಿ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಮಾತು ಕಡಿಮೆ. ಕೋಣೆ ಕೋಣೆ ಸುತ್ತಿದಳು. ಮೂಲೆಯಲ್ಲಿ ಉಗುರಿನಿಂದ ಒಂದು ಚೂರು ಕೆದಕಿ, ಒಂದೆಳೆ ನಾರನ್ನು ಎತ್ತಿ ಬಿಸಿಲಿಗೆ ಹಿಡಿದಳು. ಸದಾನಂದ ಹೊರಗೆ ಫೋನಿನಲ್ಲಿದ್ದ.

"ಮಾಸ್ಟರ್," ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು, "ಈ ಹಸುವಿಗೆ ಕಿವಿ ಸ್ವಲ್ಪ ಉದ್ದವೇ?"

ರೇವಣಪ್ಪ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೂರು ಸಲ ಬಡಿದ. ಮಾರಾಟಗಾರನ ಮೂವತ್ತೊಂದು ವರ್ಷದ ಅನುಭವವೆಲ್ಲ ಎಲ್ಲಿಗೋ ಹೋಗಿತ್ತು.

"ನಾನು ಕಲಿಯುವಾಗ ನಾವು ಟಾಂಗಾ ಕುದುರೆಯದು ಹಾಕುತ್ತಿದ್ದೆವು," ಎಂದಳು ಮೈತ್ರೇಯಿ. ನಾರನ್ನು ಊದಿ ಹಾರಿಸಿದಳು. "ಉಳಿದ ಎರಡು ಕೋಣೆಗೂ ಇದೇ ಹಸು ಇರಲಿ."

ಉದ್ಘಾಟನೆಯ ದಿನ ನಲವತ್ತು ಜನ ಸೇರಿದರು. ಗೋಪೂಜೆಯಾಗಬೇಕೆಂದು ಸದಾನಂದ ಗೋಶಾಲೆಯಿಂದ ಒಂದು ಹಸುವನ್ನೇ ತರಿಸಿದ್ದ. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಹಸು ಮೊದಲ ಕೋಣೆಯ ಮುಂದೆ ನಿಂತು ತನ್ನ ಕೊರಳಿನ ಸೇವಂತಿಗೆ ಹಾರವನ್ನು ನಿಧಾನವಾಗಿ ತಿಂದು ಮುಗಿಸಿತು. ಸದಾನಂದ ಎಲ್ಲರ ಮುಂದೆ ಗೋಡೆಗೆ ಹಣೆ ಒತ್ತಿ, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ಹಾಗೇ ನಿಂತ. "ಈ ಗೋಡೆಯಲ್ಲಿ ಗೋಮಾತೆಯ ಉಸಿರುಂಟು," ಎಂದು ಭಾಷಣ ಮಾಡಿ ರೇವಣಪ್ಪನಿಗೆ ಶಾಲು ಹೊದಿಸಿದ. ಮಲ್ಲಮ್ಮ ನೀರು ಕುಡಿಯುವ ನೆಪದಲ್ಲಿ ಕೋಣೆಗಳ ಹಿಂದೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಸು ಬಾಲ ಎತ್ತಿತು.

ಬಿದ್ದ ಸಗಣಿ ನೆಲದ ಮೇಲೆ ಸಾರಿನ ಹಾಗೆ ಹರಡಿಕೊಂಡಿತು. ಜನ ಹಿಂದೆ ಸರಿದು ನಕ್ಕರು. ಸದಾನಂದನ ಹೆಂಡತಿ ವಾರಿಜಾಕ್ಷಿ ಮಾತ್ರ ಬಗ್ಗಿ ನೋಡಿದಳು. ಆಮೇಲೆ ತಲೆಯೆತ್ತಿ ಗೋಡೆ ನೋಡಿದಳು. ಬಿಸಿಲಿಗೆ ಮಿನುಗುವ ಉದ್ದುದ್ದ ನಾರು. ಮತ್ತೆ ಸಗಣಿ ನೋಡಿದಳು. ಆಮೇಲೆ ರೇವಣಪ್ಪನಿಗೆ ಬೆರಳಿನಿಂದ ಸನ್ನೆ ಮಾಡಿ ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕರೆದಳು.

"ರೇವಣಪ್ಪನವ್ರೆ, ನಾನು ಮದುವೆ ಆಗುವ ತನಕ ದಿನಾ ಹಟ್ಟಿ ಬಾಚಿದವಳು," ಎಂದಳು ಅಕ್ಕಿ ಮೂಟೆಗೆ ಕೈಯಿಟ್ಟು. "ಆ ಗೋಡೆ ಈ ದನದ್ದಲ್ಲ. ಯಾವುದರದ್ದು?"

"ಗೋಶಾಲಿದೇರಿ..."

"ಸುಳ್ಳು ಬೇಡ."

"ಅದೂ ನಾಲ್ಕ ಕಾಲಿಂದೇರಿ..."

"ನಾಲ್ಕು ಕಾಲು ಮೇಜಿಗೂ ಉಂಟು."

ರೇವಣಪ್ಪ ಶಾಲಿನ ಅಂಚು ಹಿಂಡಿದ. "ಕತ್ತೀದ್ರಿ," ಎಂದ ನೆಲ ನೋಡುತ್ತಾ.

"ಕತ್ತಿಯಾ?" ವಾರಿಜಾಕ್ಷಿ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಎಂತ ಕತ್ತಿ? ಯಾರ ಹತ್ರ ಕತ್ತಿ?"

"ಅಲ್ರಿ, ಕತ್ತಿ. ಕೊಯ್ಯೋದಲ್ರಿ. ಹೊರೋದು." ಅವಳಿಗೆ ಇನ್ನೂ ಅರ್ಥವಾಗಲಿಲ್ಲ. ರೇವಣಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ಎರಡೂ ಕೈಗಳನ್ನು ತಲೆಯ ಪಕ್ಕ ಕಿವಿಯ ಹಾಗೆ ಎತ್ತಿ ಅಲ್ಲಾಡಿಸಿದ. ಅಷ್ಟಕ್ಕೂ ಸಾಲದೆಂದು ಸಣ್ಣ ದನಿಯಲ್ಲಿ ಒಮ್ಮೆ ಅರಚಿದ.

ವಾರಿಜಾಕ್ಷಿಗೆ ಗೋಡೆಗೆ ಹಣೆ ಒತ್ತಿ ನಿಂತ ಗಂಡ ನೆನಪಾದನೆಂದು ಕಾಣುತ್ತದೆ. ಅವಳು ಮೆಲ್ಲಗೆ ಅಕ್ಕಿ ಮೂಟೆಯ ಮೇಲೆ ಕುಳಿತಳು. ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ರೇವಣಪ್ಪ ಕೈಮುಗಿಯುವಷ್ಟರಲ್ಲಿ ಅವಳು ಮುಖ ಎತ್ತಿದಳು. ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂದಿತ್ತು.

ಸುಧಾರಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಸುಧಾರಿಸಿಕೊಂಡ ಮೇಲೆ ಅವಳ ಮುಖ ಗಟ್ಟಿಯಾಯಿತು. "ಇದು ನಿಮ್ಮ ತಲೆಯಿಂದ ಬಂದದ್ದಲ್ಲ. ಗೋಡೆ ಮಾಡಿದ್ದು ಯಾರು?"

"ಕಮಲಾಬಾಯಿ," ಎಂದ ರೇವಣಪ್ಪ. ಈ ಸಲ ಒಂದೇ ಸಲಕ್ಕೆ ಬಂತು. "ಮೊದಲಿನ ದಿನದಿಂದ ಆಕೀನೇ. ನಾ ಬರೇ ಒದರ್ದಾಂವ."

"ಹಾಗಾದ್ರೆ ಶಾಲು ನಿಮ್ಮ ಹೆಗಲ ಮೇಲೆ ಎಂತ ಮಾಡ್ತಾ ಉಂಟು?"

ರೇವಣಪ್ಪ ಶಾಲನ್ನು ಮುಟ್ಟಿ ನೋಡಿಕೊಂಡ. ಅರವತ್ತಮೂರು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಶಾಲು ಅದು. ಭಾಲ್ಕಿಗೆ ಫೋಟೊ ಕಳಿಸಿಯೂ ಆಗಿತ್ತು. ಆದರೂ ಅವನು ಹೊರಗೆ ಹೋಗಿ ಮೈಕು ಕೇಳಿ ಪಡೆದ.

"ಈ ಗೋಡೆ ನಾನು ಮಾಡಿದ್ದಲ್ಲ," ಎಂದ ಮರಾಠಿಯಲ್ಲಿ. "ನನಗೆ ಮಣ್ಣಿನ ವಿಷಯ ಏನೂ ಗೊತ್ತಿಲ್ಲ."

ಜನ ಚಪ್ಪಾಳೆ ತಟ್ಟಿದರು. "ಎಷ್ಟು ವಿನಯ!" ಎಂದ ಯಾರೋ.

"ವಿನಯ ಅಲ್ಲ, ಖರೇ ಗೊತ್ತಿಲ್ಲ. ಸುಳ್ಳು ಹೇಳಿ ಬಂದೆ." ಚಪ್ಪಾಳೆ ಇನ್ನೂ ಜೋರಾಯಿತು. ಸದಾನಂದ ಕಣ್ಣೊರೆಸಿಕೊಂಡ. ಮಾತಿನ ಮೇಲೇ ಬದುಕಿದ ರೇವಣಪ್ಪ, ನಿಜ ಹೇಳಿದ ದಿನವೇ ಯಾರೂ ನಂಬದೆ, ಮೈಕು ಹಿಡಿದು ಕಂಗಾಲಾಗಿ ನಿಂತ. ಕೊನೆಗೆ ಮಾತು ಬಿಟ್ಟ. ಹಿಂದಿನ ಸಾಲಿನಲ್ಲಿ ಊಟದ ಎಲೆ ಹಾಸುತ್ತಿದ್ದ ಕಮಲಾಬಾಯಿಯ ಬಳಿಗೆ ಹೋಗಿ, ಶಾಲು ತೆಗೆದು ಅವಳಿಗೆ ಹೊದಿಸಿ, ಕೈ ಹಿಡಿದು ಮುಂದಕ್ಕೆ ಕರೆತಂದ. ಗಾರೆಯವರ ಮುಖ್ಯಸ್ಥ ಬಾಯಿ ತೆರೆದು ನಿಂತುಬಿಟ್ಟ.

ಕಮಲಾಬಾಯಿ ಮೈಕು ನೋಡಿದಳು, ಜನರನ್ನು ನೋಡಿದಳು, ಕೊನೆಗೆ ಆ ಮುಖ್ಯಸ್ಥನನ್ನು ನೋಡಿದಳು. "ಮಳೆಗಾಲ ಮುಗಿದ ಮೇಲೆ ಹೊರಗೋಡೆಗೆ ಇನ್ನೊಂದು ಕೈ ಹಚ್ಚಬೇಕು," ಎಂದಳು ಸ್ಪಷ್ಟ ಮರಾಠಿಯಲ್ಲಿ. "ಇವನು ನೀರು ಹೊರುತ್ತಾನೆ."

ಕತ್ತೆಯ ವಿಷಯವನ್ನು ವಾರಿಜಾಕ್ಷಿ ಗಂಡನಿಗೆ ಹೇಳಿದ್ದು ಎಂಟು ದಿನ ಬಿಟ್ಟು. ಸದಾನಂದ ಅವತ್ತು ಮೂರು ಸಲ ಸ್ನಾನ ಮಾಡಿದ. ಎರಡು ದಿನ ರೇವಣಪ್ಪನ ಮೇಜಿಗೆ ಕಾಫಿ ತಡವಾಗಿ ಬಂತು, ಅದೂ ಆರಿ. ಆದರೆ ಪುಣೆಯಿಂದ ಬಂದ ದಂಪತಿ, ಇಷ್ಟು ಒಳ್ಳೆಯ ನಿದ್ದೆ ವರ್ಷಗಳಿಂದ ಬಂದಿರಲಿಲ್ಲ ಎಂದು ಪುಸ್ತಕದಲ್ಲಿ ಬರೆದಿಟ್ಟು ಹೋದರು. ಮುಂದಿನ ಎರಡು ತಿಂಗಳಿಗೆ ಆರೂ ಕೋಣೆಗೆ ಮುಂಗಡ ಬಂತು. ಮೂರನೆಯ ದಿನ ಸದಾನಂದ ಪೇಂಟರನ್ನು ಕರೆಸಿ ಬೋರ್ಡಿನ ಎರಡು ಪದ ಒರೆಸಿಸಿದ. ಈಗ ಅಲ್ಲಿ ಉಳಿದದ್ದು "ದೇಸಿ ಗೋಡೆ" ಮಾತ್ರ.

"ಕತ್ತೆಯೂ ದೇಸಿಯೇ ಅಲ್ವಾ ಮಾರಾಯ್ರೆ," ಎಂದ ಬಿಸಿ ಕಾಫಿ ಮೇಜಿನ ಮೇಲಿಟ್ಟು. ಆದರೆ ನಗುವ ಕರುವನ್ನು ತೆಗೆಸಲು ಅವನಿಗೆ ಮನಸ್ಸು ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಮೈತ್ರೇಯಿಯ ಫೋನು ಬಂತು. ರೇವಣಪ್ಪನಿಗಲ್ಲ, ಕಮಲಾಬಾಯಿಗೆ. ನಾಸಿಕದ ಹೊರಗೆ ದ್ರಾಕ್ಷಿ ತೋಟವೊಂದರಲ್ಲಿ ಮನೆ ಕಟ್ಟುತ್ತಿದ್ದಾರೆ, ಗಿಲಾವಿನ ಪೂರ್ತಿ ಕೆಲಸ ನೀನೇ ನೋಡಿಕೋ, ನಿನ್ನ ಜನ ನೀನೇ ಆರಿಸಿಕೋ ಎಂದು. ಕಮಲಾಬಾಯಿ ಮೊದಲು ಆರಿಸಿದ್ದು ಮಲ್ಲಮ್ಮನನ್ನು. ಮಲ್ಲಮ್ಮ ಬರುತ್ತಾಳೆಂದ ಮೇಲೆ ಅವಳ ಗಂಡ ಮನೆಯಲ್ಲಿ ಒಬ್ಬನೇ ಏನು ಮಾಡುತ್ತಾನೆ ಎಂಬ ಪ್ರಶ್ನೆ ಬಂತು. ಹಾಗಾಗಿ ರೇವಣಪ್ಪನಿಗೂ ಒಂದು ಕೆಲಸ ಸಿಕ್ಕಿತು: ಜರಡಿ ಹಿಡಿಯುವುದು.

ಮೊದಲ ದಿನವೇ ಕಮಲಾಬಾಯಿ ಅವನ ಕೈಗವಸು ಕಿತ್ತು ಬೇಲಿಯಾಚೆ ಎಸೆದಳು. ಬರಿಗೈಯಲ್ಲಿ ಲದ್ದಿಯ ಉಂಡೆ ಹಿಡಿದಾಗ ಅವನ ಮೈ ಜುಮ್ಮೆಂದಿತು. ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋಯಿತು. ಒಣ ಹುಲ್ಲಿನ ವಾಸನೆ, ಅಷ್ಟೆ. ನಾಲ್ಕನೆಯ ದಿನ ಅವನು ಅದೇ ಕೈಯಲ್ಲಿ ಮೂಗು ತುರಿಸಿಕೊಂಡದ್ದನ್ನು ಮಲ್ಲಮ್ಮ ನೋಡಿದಳು.

ಆ ವಾರದ ಕೊನೆಗೆ ತೋಟದ ಯಜಮಾನ ಕೆಲಸ ನೋಡಲು ಬಂದ. ಯಾವ ಪ್ರಾಣಿಯದು ಹಾಕುತ್ತೀರಿ ಎಂದು ಕೇಳಿದ. ಗೋಡೆಯ ಮೇಲಿನಿಂದ ಕಣ್ಣು ತೆಗೆಯದೆ ಕಮಲಾಬಾಯಿ "ಕತ್ತೆ" ಎಂದಳು. ಅವನು "ಒಳ್ಳೆಯದು" ಎಂದ. ಆಮೇಲೆ ಜರಡಿಯ ಹತ್ತಿರ ಮೊಣಕಾಲವರೆಗೆ ಧೂಳಾಗಿ ನಿಂತಿದ್ದ ಬಿಳಿ ಮೀಸೆಯವನ ಕಡೆ ತಿರುಗಿದ.

"ನೀವು?"

ಮಲ್ಲಮ್ಮ ತಿಕ್ಕುತ್ತಿದ್ದ ಕೈ ನಿಲ್ಲಿಸಿ ಗಂಡನನ್ನೇ ನೋಡಿದಳು.

"ನಾನು ಮಣ್ಣು ಸೋಸುವವನು, ಅಷ್ಟೆ," ಎಂದ ರೇವಣಪ್ಪ ತಗ್ಗಿದ ದನಿಯಲ್ಲಿ. ಮಲ್ಲಮ್ಮನ ಮುಖ ಅರಳಿತು. ಯಜಮಾನ ತಲೆಯಾಡಿಸಿ ಇನ್ನೇನು ಹೊರಡಬೇಕು, ಅಷ್ಟರಲ್ಲಿ ರೇವಣಪ್ಪ ಜರಡಿಯನ್ನು ಒಮ್ಮೆ ತಟ್ಟಿ ಮುಂದುವರಿಸಿದ:

"ಮೂವತ್ತು ವರ್ಷದ ಅನುಭವ."

ಮಲ್ಲಮ್ಮ ಬಗ್ಗಿ ಗುಂಡಿಯಿಂದ ಒಂದು ಹದವಾದ ಉಂಡೆ ಎತ್ತಿಕೊಂಡು ಅವನ ಬೆನ್ನಿಗೆ ಗುರಿಯಿಟ್ಟಳು. ಗುರಿ ತಪ್ಪಲಿಲ್ಲ.